ಚೌಕಿಯಲ್ಲಿ ಯಾರ ಪೆಟ್ಟಿಗೆ ಎಲ್ಲಿ

ಯಕ್ಷಗಾನದ ಆಟ ಶುರುವಾಗುವ ಮೊದಲು ಒಮ್ಮೆ ಚೌಕಿಯೊಳಗೆ ಇಣುಕಿ ನೋಡಬೇಕು. ರಂಗಸ್ಥಳದ ಹಿಂದೆ ಒಂದು ಮರೆ, ನೆಲಕ್ಕೆ ಚಾಪೆ, ಸಾಲಾಗಿ ವೇಷಧಾರಿಗಳ ಪೆಟ್ಟಿಗೆಗಳು. ‘ನಾನೆಲ್ಲಿ ಕೂರಲಿ’ ಎಂದು ಯಾರೂ ಕೇಳುವುದಿಲ್ಲ. ಎರಡನೇ ವೇಷದವರು, ಸ್ತ್ರೀವೇಷದವರು, ಹಾಸ್ಯಗಾರರು ಎಲ್ಲರಿಗೂ ತಮ್ಮ ತಮ್ಮ ಜಾಗ ಗೊತ್ತು. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಲೇ ಹಿರಿಯರೊಬ್ಬರು ಪಕ್ಕದ ಹುಡುಗನಿಗೆ ಅವತ್ತಿನ ಪ್ರಸಂಗದ ನಡೆ ಹೇಳುತ್ತಿರುತ್ತಾರೆ. ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಆದರೂ ಆಟ ಬೆಳಗಿನ ತನಕ ಎಲ್ಲೂ ಮುಗ್ಗರಿಸದೆ ನಡೆಯುತ್ತದೆ. (ಈಗ ಕಾಲಮಿತಿ ಬಂದು ನಡುರಾತ್ರಿಗೇ ಮಂಗಳ ಹಾಡುವುದೂ ಉಂಟು.) ಮರುದಿನ ಬೇರೆ ಊರು, ಬೇರೆ ಪ್ರಸಂಗ.

ಮೂರರಿಂದ ಎಂಟು ಜನ ಸೇರಿ ನಡೆಸುವ ಕಲೆಯ ಕಸುಬುಗಳು ಈಗ ಊರೂರಲ್ಲಿವೆ. ಮದುವೆ ಫೋಟೊ ತೆಗೆಯುವವರು, ಪುಸ್ತಕದ ಮುಖಪುಟ ಮಾಡುವವರು, ಸೀರೆಗೆ ಅಚ್ಚು ಹಾಕುವವರು, ಕಿರುಚಿತ್ರದವರು. ಇವುಗಳಲ್ಲಿ ಎಷ್ಟೋ ಎರಡು ಮೂರು ವರ್ಷಕ್ಕೇ ಬಾಗಿಲು ಹಾಕುವುದನ್ನು ಕಂಡಿದ್ದೇನೆ. ಕೈಚಳಕಕ್ಕೆ ಕೊರತೆಯಿದ್ದ ಅಂಗಡಿಗಳಲ್ಲ ಅವು. ಒಳಗೆ ಯಾರ ಪೆಟ್ಟಿಗೆ ಎಲ್ಲಿ ಎಂಬುದೇ ತೀರ್ಮಾನವಾಗಿರಲಿಲ್ಲ.

ನಮ್ಮದೇ ಕಥೆ ಹೇಳುತ್ತೇನೆ. ನಾನೂ ಗೆಳೆಯನೂ ಸೇರಿ ಒಂದು ಸಣ್ಣ ವಿನ್ಯಾಸದ ಕೋಣೆ ಶುರುಮಾಡಿದೆವು. ಲೇಬಲ್ಲು, ಮುಖಪುಟ, ಆಮಂತ್ರಣ ಪತ್ರಿಕೆ. ಕೆಲಸ ಜಾಸ್ತಿಯಾದಾಗ ಇನ್ನಿಬ್ಬರನ್ನು ಸೇರಿಸಿಕೊಂಡೆವು. ಇಬ್ಬರೂ ನಮ್ಮ ಹಾಗೆಯೇ ಚಿತ್ರ ಬರೆಯುವವರು. ನಮಗೆ ಅಳೆಯಲು ಬರುತ್ತಿದ್ದುದು ಅದೊಂದೇ ಗುಣ, ಹಾಗಾಗಿ ಅದನ್ನೇ ನೋಡಿ ಆರಿಸಿದ್ದೆವು. ಬರೆಯುವ ಕೈ ನಾಲ್ಕಾದವು. ಪ್ರೆಸ್ಸಿಗೆ ಫೋನು ಮಾಡಲು, ಬಾಕಿ ಕೇಳಲು ಒಬ್ಬರೂ ಇಲ್ಲ.

ಆಗ ಬಂತು ಒಂದು ಮಿಠಾಯಿ ಅಂಗಡಿಯ ಡಬ್ಬಿ. ಮೇಲೆ ‘ಕರ್ಜೀಕಾಯಿ’ ಎಂದು ದಪ್ಪ ಅಕ್ಷರ. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಯುನಿಕೋಡಿಗೆ ತರುವಾಗ ಅರ್ಕಾವತ್ತು ಎಗರಿಹೋಗಿ, ಅದರ ಜಾಗದಲ್ಲಿ ಯಾವುದೋ ಪರದೇಶಿ ಅಕ್ಷರ ಬಂದು ಕೂತಿತು. ಕನ್ನಡದಲ್ಲಿ ಡಿಟಿಪಿ ಮಾಡಿದವರಿಗೆಲ್ಲ ಈ ಕಾಟ ಗೊತ್ತು, ಹೊಸದೇನಲ್ಲ. ಪ್ರೂಫು ನಾಲ್ವರ ಕೈಯಲ್ಲೂ ಹಾದುಹೋಯಿತು. ಒಬ್ಬ ಬಣ್ಣ ನೋಡಿದ, ಒಬ್ಬಳು ಅಂಚು ನೋಡಿದಳು, ಅಕ್ಷರವನ್ನು ಗೆಳೆಯ ನೋಡಿರುತ್ತಾನೆ ಎಂದು ನಾನು, ನಾನು ನೋಡಿರುತ್ತೇನೆ ಎಂದು ಅವನು. ಐದು ಸಾವಿರ ಡಬ್ಬಿ ಅಚ್ಚಾಗಿ ಬಂದವು. ಅಂಗಡಿಯವರು ಒಂದನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ‘ಏನ್ರೀ ಇದು, ಓದ್ರಿ ಒಮ್ಮೆ’ ಅಂದರು. ಖರ್ಚು ನಮ್ಮ ತಲೆಗೆ ಬಂತು. ಅದಕ್ಕಿಂತ ಹೆಚ್ಚು ಕಾಡಿದ್ದು ಆಮೇಲಿನ ಒಂದು ವಾರ. ಯಾರನ್ನು ಬೈಯಬೇಕು ಎಂದೇ ತಿಳಿಯದೆ ನಾಲ್ಕೂ ಜನ ಮುಖ ಊದಿಸಿಕೊಂಡು ಓಡಾಡಿದೆವು.

ಎಲ್ಲರೂ ನೋಡಿದ ಕೆಲಸವನ್ನು ಯಾರೂ ನೋಡಿರುವುದಿಲ್ಲ. ಕಡೆಯ ಸಲ ಓದಿ ಸಹಿ ಹಾಕುವವರು ಒಬ್ಬರೇ ಇರಬೇಕು. ಅವರು ತಂಡದಲ್ಲಿ ಅತಿ ದೊಡ್ಡ ಕಲಾವಿದರೇ ಆಗಿರಬೇಕಿಲ್ಲ, ಆದರೆ ಅವರ ಹೆಸರು ಎಲ್ಲರಿಗೂ ಗೊತ್ತಿರಬೇಕು. ಮೇಳದಲ್ಲಿ ಇದು ಭಾಗವತರ ಪಟ್ಟ. ಭಾಗವತರೇ ಮೊದಲ ವೇಷಧಾರಿ ಎನ್ನುವುದು ಸುಮ್ಮನೆ ಗೌರವದ ಮಾತಲ್ಲ. ಅರ್ಥ ಹೇಳುವವರು ಮೈಮರೆತು ಮಾತು ಎಳೆದರೆ ಮುಂದಿನ ಪದ್ಯ ಎತ್ತಿ ಆಟವನ್ನು ಮುಂದಕ್ಕೆ ನಡೆಸುವವರು ಅವರೇ. ಎಷ್ಟೇ ಹೆಸರುವಾಸಿ ವೇಷಧಾರಿಯಾದರೂ ಪದ್ಯ ಎದ್ದ ಮೇಲೆ ಕುಣಿಯಲೇಬೇಕು. ಆ ಹೊತ್ತಿಗೆ ರಂಗದ ಮೇಲೆ ಚರ್ಚೆಯಿಲ್ಲ. ಜಗಳವಿದ್ದರೆ ಚೌಕಿಗೆ ಬಂದಮೇಲೆ.

ಜನ ಹೆಚ್ಚಿದರೆ ಕೆಲಸ ಹಗುರವಾಗುತ್ತದೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಲೆಕ್ಕ ಸರಳ. ಮೂರು ಜನರಿದ್ದರೆ ಪರಸ್ಪರ ಮಾತಾಡಿಕೊಳ್ಳಬೇಕಾದ ಜೋಡಿಗಳು ಮೂರು. ನಾಲ್ವರಾದರೆ ಆರು. ಎಂಟಾದರೆ 28. ಜನ ಎರಡರಷ್ಟಾದರು, ‘ಅವರಿಗೆ ಹೇಳಿದ್ದೆಯಾ’ ಎನ್ನುವ ಪ್ರಶ್ನೆ ನಾಲ್ಕೂವರೆ ಪಟ್ಟಿಗಿಂತ ಹೆಚ್ಚಾಯಿತು. ಐಬಿಎಂ ಕಂಪನಿಯ ದೊಡ್ಡದೊಂದು ಸಾಫ್ಟ್‌ವೇರ್ ಕೆಲಸದ ಮೇಲ್ವಿಚಾರಣೆ ಮಾಡಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಕೆಲಸಕ್ಕೆ ಹೊಸಬರನ್ನು ತುರುಕಿದರೆ ಅದು ಇನ್ನೂ ತಡವಾಗುತ್ತದೆ ಎಂದು 1975ರಲ್ಲೇ ಪುಸ್ತಕ ಬರೆದರು. ಬಂದವರಿಗೆ ಕಲಿಸುವವರು ಯಾರು? ಈಗಾಗಲೇ ಕೆಲಸದಲ್ಲಿ ಮುಳುಗಿರುವವರೇ ತಾನೆ. ದೀಪಾವಳಿ ವಾರ ಹತ್ತಿರ ಬಂದಾಗ ಗಾಬರಿಯಿಂದ ಇಬ್ಬರನ್ನು ಸೇರಿಸಿಕೊಂಡ ಯಾವ ಮುದ್ರಕರನ್ನು ಬೇಕಾದರೂ ಕೇಳಿ ನೋಡಿ.

ಹಾಗಾದರೆ ಮೊದಲು ಯಾರನ್ನು ತೆಗೆದುಕೊಳ್ಳಬೇಕು? ಯಜಮಾನನಿಗೆ ಯಾವ ಕೆಲಸ ಕಂಡರೆ ಆಗುವುದಿಲ್ಲವೋ ಅದನ್ನು ಖುಷಿಯಿಂದ ಮಾಡುವವರನ್ನು. ಮೇಳಕ್ಕೊಬ್ಬ ಮ್ಯಾನೇಜರ್ ಇರುತ್ತಾರೆ. ಯಾವ ದಿನ ಯಾವ ಊರು, ಸಾಮಾನಿನ ಗಾಡಿ ಎಷ್ಟಕ್ಕೆ ಹೊರಡಬೇಕು, ಯಾರಿಗೆ ಎಷ್ಟು ಮುಂಗಡ ಹೋಗಿದೆ ಎಂಬುದೆಲ್ಲ ಅವರ ಕೈಯಲ್ಲಿ. ಪ್ರೇಕ್ಷಕರಿಗೆ ಅವರ ಮುಖವೂ ಗೊತ್ತಿರುವುದಿಲ್ಲ. ನಾವು ಡಬ್ಬಿ ಪ್ರಕರಣದ ನಂತರ ತೆಗೆದುಕೊಂಡಿದ್ದು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಅಕ್ಕನೊಬ್ಬರನ್ನು. ಚಿತ್ರ ಬಿಡಿಸಲು ಅವರಿಗೆ ಬಾರದು. ಬಂದ ಮೊದಲ ತಿಂಗಳು ನಮ್ಮ ಹಳೆಯ ಬಿಲ್ಲುಗಳನ್ನೆಲ್ಲ ತೆಗೆದು, ‘ಇದರಲ್ಲಿ ಅರ್ಧಕ್ಕೆ ತಾರೀಖೇ ಇಲ್ಲವಲ್ಲ ಸರ್’ ಎಂದರು. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಅದನ್ನು ನಮಗೆ ಹೇಳಿಕೊಟ್ಟವರೂ ಅವರೇ. ಬಿಲ್ಲಿನ ಕೆಳಗೆ ಆ ಒಂದು ಸಾಲು ಸೇರಿಸಿದ ಮೇಲೆ ಫೋನು ಎತ್ತದಿದ್ದ ಕೆಲವರು ಎತ್ತತೊಡಗಿದರು.

ಇಷ್ಟೆಂದಮಾತ್ರಕ್ಕೆ ಪ್ರತಿಯೊಬ್ಬರೂ ತಮ್ಮ ಗೆರೆಯೊಳಗೇ ಇರಬೇಕು ಎಂದಲ್ಲ. 1985ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಂ ತಿರುಗಾಟದಲ್ಲಿ ನಟರೇ ರಂಗಸಜ್ಜಿಕೆ ಕಟ್ಟುತ್ತಾರೆ, ಬಿಚ್ಚುತ್ತಾರೆ. ಸಣ್ಣ ತಂಡಕ್ಕೆ ಆ ಅಭ್ಯಾಸ ಬೇಕು. ದುಡಿಯುವ ಕೈ ಎಲ್ಲರದ್ದಾಗಿರಲಿ, ತೀರ್ಮಾನ ಮಾತ್ರ ಒಬ್ಬೊಬ್ಬರ ಬಳಿ ಇರಲಿ. ಹೊಸಬರ ವಿಷಯದಲ್ಲೂ ಮೇಳದ ಕ್ರಮ ಒಳ್ಳೆಯದು. ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಮಾಡುತ್ತಾನೆ. ಜನ ಇನ್ನೂ ಕುರ್ಚಿ ಹುಡುಕುತ್ತಿರುವ ಹೊತ್ತು ಅದು. ಹೆಜ್ಜೆ ತಪ್ಪಿದರೂ ಆಟ ಕೆಡುವುದಿಲ್ಲ. ನಮ್ಮಲ್ಲಿ ಹೊಸದಾಗಿ ಬಂದವರಿಗೆ ಮೊದಲು ಕೊಡುವುದು ಗೃಹಪ್ರವೇಶದ ಕಾರ್ಡು. ಐವತ್ತು ಪ್ರತಿ, ಡಿಜಿಟಲ್ ಮುದ್ರಣ. ತಪ್ಪಿದರೆ ಸಂಜೆಯೊಳಗೆ ಮತ್ತೆ ತೆಗೆಯಬಹುದು.

ಕಾಗದದ ಮಾತು ಬೇಸರದ್ದು, ಆದರೆ ಗೆಳೆತನ ಮುರಿಯುವುದು ಅಲ್ಲಿಯೇ. ಇಬ್ಬರು ಪಾಲುದಾರರು ಏನನ್ನೂ ಬರೆದುಕೊಳ್ಳದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭ ನಷ್ಟ ಇಬ್ಬರಿಗೂ ಸಮ. ಒಬ್ಬ ರಾತ್ರಿಯಿಡೀ ಕೂತಿದ್ದ, ಇನ್ನೊಬ್ಬ ಬಂಡವಾಳ ಹಾಕಿದ್ದ ಎಂಬುದೆಲ್ಲ ಆಮೇಲಿನ ವಾದ. ಚಿತ್ರ, ಬರಹಗಳ ಹಕ್ಕು ಇನ್ನೂ ಸೂಕ್ಷ್ಮ. ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಮಾಡಿದ್ದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರೇ ಮೊದಲ ಹಕ್ಕುದಾರರು. ಬಿಡಿಯಾಗಿ ಕೆಲಸ ಮಾಡಿಕೊಡುವ ಬರಹಗಾರರದು ಹಾಗಲ್ಲ. ದುಡ್ಡು ಕೊಟ್ಟಮಾತ್ರಕ್ಕೆ ಬರಹದ ಹಕ್ಕು ನಮಗೆ ಬಂದುಬಿಡುವುದಿಲ್ಲ, ಬರೆದುಕೊಡಬೇಕು. ಆ ಬರವಣಿಗೆಯಲ್ಲಿ ಎಷ್ಟು ವರ್ಷ ಎಂದು ಹೇಳದಿದ್ದರೆ 1957ರ ಹಕ್ಕುಸ್ವಾಮ್ಯ ಕಾಯ್ದೆ ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ. ಅರ್ಧ ಪುಟದ ಕಾಗದ ಸಾಕು, ಆದರೆ ಕೆಲಸ ಶುರುವಾಗುವ ಮೊದಲು.

ಬಿಟ್ಟುಹೋಗುವವರ ಬಗ್ಗೆ ಒಂದು ಮಾತು. ಕರಾವಳಿಯಲ್ಲಿ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಳೆದು ಮತ್ತೆ ತಿರುಗಾಟ ಹೊರಡುವಾಗ ಕೆಲವು ವೇಷಧಾರಿಗಳು ಬೇರೆ ಮೇಳದಲ್ಲಿರುತ್ತಾರೆ. ಅದನ್ನು ಯಾರೂ ದ್ರೋಹ ಎನ್ನುವುದಿಲ್ಲ. ನಮ್ಮಲ್ಲಿ ಅಂಚು ನೋಡುತ್ತಿದ್ದ ಹುಡುಗಿ ಹೋದ ವರ್ಷ ತನ್ನದೇ ಕೋಣೆ ಮಾಡಿಕೊಂಡಳು. ಮೊದಲಾಗಿದ್ದರೆ ನಾನು ಮುನಿಸಿಕೊಳ್ಳುತ್ತಿದ್ದೆ. ಈ ಸಲ ಎರಡು ದಿನ ಕೂತು ಅವಳ ಕಡತಗಳನ್ನು ಸಾಲಾಗಿ ಜೋಡಿಸಿಕೊಂಡೆವು, ಯಾವ ಚಿತ್ರ ಅವಳದು, ಯಾವುದು ಕೋಣೆಯದು ಎಂದು ಪಟ್ಟಿ ಮಾಡಿ ಸಹಿ ಹಾಕಿದೆವು. ಆಷಾಢದಲ್ಲಿ ನಮ್ಮಲ್ಲಿ ಕೆಲಸವಿಲ್ಲದಾಗ ಅವಳಿಂದ ಎರಡು ಮುಖಪುಟ ಬಂದವು. ಅರ್ಕಾವತ್ತು ನೋಡುವ ಕೆಲಸ ಈಗ ಅಕ್ಕನದು, ಸಹಿಯೂ ಅವರದೇ.