ಸೈಟಿನ ಬೋರ್ಡು, ಸಾಲದ ಕಾಗದ ಮತ್ತು ಕೊಳ್ಳುವವರ ಹಕ್ಕು

ಹೊಸಕೋಟೆ, ಆನೇಕಲ್, ದೇವನಹಳ್ಳಿ ಕಡೆಯ ರಸ್ತೆಗಳ ಉದ್ದಕ್ಕೂ ಸೈಟು ಮಾರಾಟದ ಬೋರ್ಡುಗಳು ಸಾಲುಗಟ್ಟಿ ನಿಂತಿವೆ. ‘ಡಿಸಿ ಕನ್ವರ್ಷನ್ ಆಗಿದೆ, ಇ-ಖಾತಾ ರೆಡಿ, ಬ್ಯಾಂಕ್ ಲೋನ್ ಲಭ್ಯ, ಸ್ಪಾಟ್ ರಿಜಿಸ್ಟ್ರೇಷನ್’. ಇವುಗಳಲ್ಲಿ ಒಂದೊಂದು ಮಾತೂ ನಿಜವೇ ಆಗಿರಬಹುದು. ಆದರೂ ಆ ಸೈಟಿನಲ್ಲಿ ಮನೆ ಕಟ್ಟಲು ನಕ್ಷೆ ಮಂಜೂರಾಗದೇ ಹೋಗಬಹುದು, ಮುಂದೊಂದು ದಿನ ಯಾರೋ ಬಂದು ಇದು ನಮ್ಮ ಜಮೀನು ಎನ್ನಬಹುದು. ಕೊಳ್ಳುವವರು ಈ ಪದಗಳಿಂದ ಏನು ಅರ್ಥ ಮಾಡಿಕೊಳ್ಳುತ್ತಾರೋ, ಕಾನೂನು ಅದನ್ನು ಹೇಳುವುದಿಲ್ಲ. ಜೀವಮಾನದ ಉಳಿತಾಯ ಕರಗುವುದು ಈ ಅಂತರದಲ್ಲೇ.

ಡಿಸಿ ಕನ್ವರ್ಷನ್ ಎಂದರೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಸಿಕ್ಕ ಅನುಮತಿ. ಅಷ್ಟೇ. ಆ ಜಮೀನಿನಲ್ಲಿ ಬಡಾವಣೆ ಮಾಡಲು ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇರೆಯೇ ಬೇಕು. ಅದಿಲ್ಲದೆ ಎಕರೆಯನ್ನು ಗುಂಟೆಗಳಾಗಿ, ಗುಂಟೆಯನ್ನು ಸೈಟುಗಳಾಗಿ ಕತ್ತರಿಸಿ ಮಾರಿದಾಗ ಹುಟ್ಟಿದ್ದೇ ಬೆಂಗಳೂರಿನ ರೆವಿನ್ಯೂ ಸೈಟುಗಳು. ಒಂದು ಗುಂಟೆಗೆ 1,089 ಚದರ ಅಡಿ. ಅದಕ್ಕಿಂತ ಚೂರು ದೊಡ್ಡದಾದ 30x40 ಸೈಟಿನ ಮೇಲೆ ಎಷ್ಟು ಕುಟುಂಬಗಳ ಬದುಕು ನಿಂತಿದೆಯೋ!

ಖಾತಾ ವಿಷಯದಲ್ಲಂತೂ ಗೊಂದಲಕ್ಕೆ ಕೊನೆಯೇ ಇಲ್ಲ. ‘ಖಾತಾ ನಮ್ಮ ಹೆಸರಿಗೆ ಆಯ್ತು’ ಎಂದರೆ ಮಾಲೀಕತ್ವ ಗಟ್ಟಿಯಾಯಿತು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಖಾತಾ ಮೂಲತಃ ತೆರಿಗೆ ಲೆಕ್ಕದ ದಾಖಲೆ, ಈ ಸ್ವತ್ತಿಗೆ ತೆರಿಗೆ ಕಟ್ಟಬೇಕಾದವರು ಯಾರು ಎಂಬುದಕ್ಕೆ ಸ್ಥಳೀಯ ಸಂಸ್ಥೆ ಇಟ್ಟುಕೊಂಡ ಪುಸ್ತಕ. ಅದು ಹಕ್ಕುಪತ್ರವಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಒಪ್ಪಿಗೆ ಇಲ್ಲದ ಬಡಾವಣೆಗಳ ಮನೆಗಳಿಂದಲೂ ತೆರಿಗೆ ವಸೂಲಾಗಲಿ ಎಂದು ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿ ಬೇರೆ ರಿಜಿಸ್ಟರ್ ತೆರೆಯಿತು. ಅದರಲ್ಲಿ ಸೇರಿದ್ದಕ್ಕೆ ಬಿ ಖಾತಾ, ಒಪ್ಪಿಗೆ ಇದ್ದವುಗಳಿಗೆ ಎ ಖಾತಾ ಎಂಬ ಹೆಸರು ಬಂತು. ವರ್ಷಗಟ್ಟಲೆ ತೆರಿಗೆ ಕಟ್ಟಿಯೂ ನಕ್ಷೆ ಮಂಜೂರಾತಿ ಸಿಗದೆ, ಬ್ಯಾಂಕ್ ಸಾಲ ಸಿಗದೆ ಒದ್ದಾಡಿದವರು ಬಿ ಖಾತಾದವರೇ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಖಾತಾದ ಡಿಜಿಟಲ್ ರೂಪ, ಕಡ್ಡಾಯವಾಯಿತು. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದರಿಂದ ತಡೆ ಬಿದ್ದರೆ ಒಳ್ಳೆಯದೇ. ಆದರೆ ‘ಇ’ ಅಕ್ಷರ ಸೇರಿದ ಮಾತ್ರಕ್ಕೆ ಬಿ ಖಾತಾ ಎ ಆಗುವುದಿಲ್ಲ. 2025ರಲ್ಲಿ ಬಿ ಖಾತಾವನ್ನು ಎ ಖಾತಾ ಮಾಡಿಸಿಕೊಳ್ಳಲು ಸರ್ಕಾರ ದಾರಿ ತೆರೆದಾಗ ನಿಗದಿ ಮಾಡಿದ ಶುಲ್ಕ ಮಾರ್ಗಸೂಚಿ ದರದ ಶೇ 5ರಷ್ಟು. ವ್ಯಾಪಾರ ಕುದುರಿಸುವಾಗಲೇ ಈ ಸಂಗತಿ ಗೊತ್ತಿದ್ದರೆ ಬೆಲೆ ಇಳಿಸಿ ಎಂದು ಕೇಳಬಹುದು, ಗೊತ್ತಿಲ್ಲದಿದ್ದರೆ ಆ ಹೊರೆ ಕೊಂಡವರ ತಲೆಗೇ.

ನೋಂದಣಿಯಾದರೆ ಸಾಕು ಎಂಬ ನಂಬಿಕೆಯೂ ಅಷ್ಟೇ ಅಪಾಯದ್ದು. ನಮ್ಮ ದೇಶದಲ್ಲಿ ನೋಂದಣಿಯಾಗುವುದು ಕ್ರಯಪತ್ರವೇ ಹೊರತು ಮಾಲೀಕತ್ವದ ಖಾತರಿಯಲ್ಲ. ಮಾರುವವನಿಗೆ ಹಕ್ಕು ಇದೆಯೇ ಎಂದು ವಿಚಾರಣೆ ಮಾಡುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ ಎಂದು 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ನಡೆಯುವ ಮಾರಾಟದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಅದೇ ನ್ಯಾಯಾಲಯ 2011ರಲ್ಲೇ ಸ್ಪಷ್ಟಪಡಿಸಿದೆ. ಹಾಗಾಗಿ ಮೂಲಪತ್ರದಿಂದ ಇಂದಿನವರೆಗಿನ ಕೈಬದಲಾವಣೆಯ ಸರಪಳಿ, ಕುಟುಂಬದ ವಿಭಾಗಪತ್ರ, ಚೆಕ್ಕುಬಂದಿ, ಪಹಣಿಯಲ್ಲಿ ತೋರಿಸಿದ ಖರಾಬು ಎಲ್ಲವನ್ನೂ ವಕೀಲರ ಮುಂದಿಟ್ಟು ಓದಿಸಲೇಬೇಕು. ಬಿ ಖರಾಬು ಎಂದು ಬರೆದಿದ್ದರೆ ಅದು ದಾರಿಯೋ ಹಳ್ಳವೋ ಆಗಿರುತ್ತದೆ; ಸಾರ್ವಜನಿಕರದ್ದು, ಮಾರಲು ಬರುವುದಿಲ್ಲ. ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಎನ್ನುವ ಕಾಗದ, ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಬಿಳಿ ಹಾಳೆಯ ಮೇಲಿನ ಕರಾರಾಗಲಿ, ಅಣ್ಣತಮ್ಮಂದಿರ ನಡುವೆ ಕೋರ್ಟಿನಲ್ಲಿರುವ ದಾವೆಯಾಗಲಿ ಅದರಲ್ಲಿ ಕಾಣಲಿಕ್ಕಿಲ್ಲ.

ಫ್ಲ್ಯಾಟು ಕೊಳ್ಳುವವರ ಕಷ್ಟ ಬೇರೆ ಬಗೆಯದು. ದಲ್ಲಾಳಿಗಳು ಇಂದಿಗೂ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲೇ ಮಾತನಾಡುತ್ತಾರೆ. ಮೆಟ್ಟಿಲು, ಲಿಫ್ಟು, ಲಾಬಿ, ಕ್ಲಬ್ ಹೌಸ್ ಎಲ್ಲದರ ಪಾಲನ್ನೂ ಸೇರಿಸಿ 1,200 ಚದರ ಅಡಿ ಎಂದು ಹೇಳಿದ ಮನೆಯ ಒಳಗೆ 840 ಚದರ ಅಡಿ ಕಾರ್ಪೆಟ್ ಏರಿಯಾ ಇದೆ ಎಂದಿಟ್ಟುಕೊಳ್ಳಿ. ಅಡಿಗೆ 8,000 ರೂಪಾಯಿಯಂತೆ ಬೆಲೆ 96 ಲಕ್ಷ. ಬದುಕಲು ಸಿಗುವ ಜಾಗಕ್ಕೆ ಭಾಗಿಸಿದರೆ ಅಡಿಗೆ 11,400 ರೂಪಾಯಿ ದಾಟುತ್ತದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಕಾರ್ಪೆಟ್ ಏರಿಯಾ ಎಂದರೇನು ಎಂದು ಖಚಿತವಾಗಿ ಬರೆದಿದೆ: ಒಳಗಿನ ಗೋಡೆಗಳು ಸೇರುತ್ತವೆ, ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸು ಸೇರುವುದಿಲ್ಲ. ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯಬಾರದು, ಖರೀದಿದಾರರಿಂದ ಬಂದ ಹಣದಲ್ಲಿ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಗೇ ಬಳಸಬೇಕು, ಕಟ್ಟಡದ ರಚನೆಯಲ್ಲಿ ಐದು ವರ್ಷದೊಳಗೆ ದೋಷ ಕಂಡರೆ ಬಿಲ್ಡರೇ ಖರ್ಚು ಹಾಕಿ ಸರಿಪಡಿಸಬೇಕು. ಇಷ್ಟು ಬಲವಾದ ಕಾಯ್ದೆ ಕೈಯಲ್ಲಿದ್ದರೂ ಟೋಕನ್ ಕೊಡುವ ದಿನ ಇದನ್ನು ನೆನಪಿಸುವವರು ಯಾರೂ ಇರುವುದಿಲ್ಲ.

ಸ್ವಾಧೀನಾನುಭವ ಪತ್ರದ, ಅಂದರೆ ಒಸಿಯ ವಿಷಯದಲ್ಲೂ ಹೀಗೆಯೇ ಆಯಿತು. ಒಸಿ ಇಲ್ಲದೆ ಗೃಹಪ್ರವೇಶ ಮಾಡುವುದು ಬೆಂಗಳೂರಿನಲ್ಲಿ ರೂಢಿಯಾಗಿಬಿಟ್ಟಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ಈ ಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ದೇಶಕ್ಕೆಲ್ಲ ಅನ್ವಯವಾಗುವಂತೆ ನಿರ್ದೇಶಿಸಿದ ಮೇಲೆ, ಮನೆ ಕಟ್ಟಿ ಮುಗಿಸಿದವರು ಮೀಟರಿಗಾಗಿ ಅಲೆದಾಡಬೇಕಾಯಿತು. ತಪ್ಪು ಮಾಡಿದ ಬಿಲ್ಡರು ಹಣ ಎಣಿಸಿಕೊಂಡು ಮುಂದಿನ ಯೋಜನೆಗೆ ಹೋಗಿಯಾಗಿರುತ್ತದೆ. ಶಿಕ್ಷೆ ಉಣ್ಣುವುದು ಕೊಂಡ ಸಂಸಾರ. ಇದು ಅನ್ಯಾಯ.

ಇನ್ನು ಸಾಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳು ರಿಸರ್ವ್ ಬ್ಯಾಂಕಿನ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿತು. ಆಗಷ್ಟೇ ಶೇ 7ರ ಬಡ್ಡಿಗೆ, 20 ವರ್ಷಕ್ಕೆ 50 ಲಕ್ಷ ಸಾಲ ಮಾಡಿದವರ ಲೆಕ್ಕ ನೋಡಿ. ತಿಂಗಳ ಕಂತು 38,765 ರೂಪಾಯಿ. ಬಡ್ಡಿ ಶೇ 9.5 ಆದಾಗ ಒಂದು ತಿಂಗಳ ಬಡ್ಡಿಯೇ 39,583 ರೂಪಾಯಿ. ಕಂತನ್ನು ಹಾಗೆಯೇ ಬಿಟ್ಟರೆ ಬಡ್ಡಿಗೇ ಸಾಲದು, ಅಸಲು ಕರಗುವ ಮಾತಂತೂ ದೂರ. ಕಂತು ಏರಲಿಲ್ಲವಲ್ಲ ಎಂದು ನೆಮ್ಮದಿಯಾಗಿದ್ದವರಿಗೆ ಅವಧಿ ಸದ್ದಿಲ್ಲದೆ ಉದ್ದವಾದದ್ದು ತಿಳಿದದ್ದು ತಡವಾಗಿ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಮಧ್ಯೆ ಬಂದು, ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ಹೇಳಿತು.

ಕಟ್ಟಡ ಏಳುತ್ತಿರುವಾಗ ಕಟ್ಟುವ ಪ್ರೀ-ಇಎಂಐ ಬರೀ ಬಡ್ಡಿ, ಅದರಿಂದ ಅಸಲು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಸಾಲ ತೀರಿದ ಮೇಲೆ 30 ದಿನಗಳಲ್ಲಿ ಮೂಲ ದಾಖಲೆ ವಾಪಸ್ ಕೊಡದಿದ್ದರೆ, ತಡ ಬ್ಯಾಂಕಿನಿಂದಲೇ ಆಗಿದ್ದರೆ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಇಸಿಯಲ್ಲಿ ಬ್ಯಾಂಕಿನ ಅಡಮಾನ ತೀರಿದ್ದು ದಾಖಲಾಗಿದೆಯೇ ಎಂದೂ ಆಗಲೇ ನೋಡಿಕೊಳ್ಳಬೇಕು.

ಇವೆಲ್ಲದರ ನಡುವೆ ಒಂದು ಒಳ್ಳೆಯ ನಿಯಮ ಹೆಚ್ಚು ಸುದ್ದಿಯಾಗದೆ ಕೂತಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಪ್ರತಿ ಗೃಹಸಾಲಕ್ಕೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಚುಟುಕು ವಿವರಪತ್ರ ಕೊಡಬೇಕು. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅದನ್ನು ವಿವರಿಸಿಯೂ ಹೇಳಬೇಕು. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ವಿಮೆ, ಕಾನೂನು ಸಲಹೆಯ ಖರ್ಚು ಎಲ್ಲ ಸೇರಿ ಸಾಲ ವರ್ಷಕ್ಕೆ ಎಷ್ಟು ದುಬಾರಿ ಎಂಬ ಒಂದೇ ಅಂಕಿ ಅದರಲ್ಲಿರುತ್ತದೆ. ಅಲ್ಲಿ ಹೇಳದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ.

ಸಾಲಕ್ಕೆ ಇಂಥ ವಿವರಪತ್ರ ಸಾಧ್ಯವಾದರೆ ಸೈಟಿಗೆ, ಫ್ಲ್ಯಾಟಿಗೆ ಯಾಕೆ ಆಗಬಾರದು? ಮುಂಗಡ ಪಡೆಯುವ ಮೊದಲೇ ಮಾರುವವರು ಎರಡು ಪುಟದ ಕನ್ನಡ ವಿವರಪತ್ರಕ್ಕೆ ಸಹಿ ಹಾಕಿ ಕೊಡಬೇಕು ಎಂದು ರಾಜ್ಯ ಸರ್ಕಾರ ನಿಯಮ ಮಾಡಬೇಕು. ಖಾತಾ ಎ ಅಥವಾ ಬಿ, ಬಡಾವಣೆಗೆ ಒಪ್ಪಿಗೆ ಕೊಟ್ಟ ಪ್ರಾಧಿಕಾರ ಯಾವುದು, ರೇರಾ ನೋಂದಣಿ ಸಂಖ್ಯೆ, ಕಾರ್ಪೆಟ್ ಏರಿಯಾ, ಜಮೀನಿನಲ್ಲಿ ಅವಿಭಜಿತ ಪಾಲು, ಒಸಿ ಸಿಕ್ಕಿದೆಯೇ, ಕೋರ್ಟಿನಲ್ಲಿ ತಕರಾರು ಇದೆಯೇ ಎಂಬಷ್ಟು ಅದರಲ್ಲಿದ್ದರೆ ಸಾಕು. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 45 ಲಕ್ಷ ಮೀರಿದ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ಇಷ್ಟು ಹಣ ಪಡೆಯುವ ಸರ್ಕಾರಕ್ಕೆ ಎರಡು ಪುಟದ ನಿಯಮ ಭಾರವಾಗಬಾರದು.

ಆ ನಿಯಮ ಬರುವವರೆಗೆ ಕಾಯಬೇಕಿಲ್ಲ. ಮನೆ ನೋಡಲು ಹೊರಟವರು ಈ ಪ್ರಶ್ನೆಗಳನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನು ಬರವಣಿಗೆಯಲ್ಲಿ ಕೇಳಲಿ. ಬ್ಯಾಂಕಿನಲ್ಲಿ ವಿವರಪತ್ರ ಕನ್ನಡದಲ್ಲೇ ಬೇಕು ಎಂದು ಹೇಳಲಿ. ಬರೆದುಕೊಡಲು ಒಪ್ಪದವರಿಗೆ ಟೋಕನ್ ಹಣ ಕೊಡಬೇಡಿ.