ಬಸುರಿಗೆ ತಾಯಿ ಕಾರ್ಡೇ ಅರ್ಹತೆಯಾಗಲಿ

ನರಗುಂದ ಸೀಮೆಯಲ್ಲಿ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ವಾಡಿಕೆ. ಕುಬಸ ಮುಗಿಸಿಕೊಂಡು ಶಿರೋಳಕ್ಕೋ ಕೊಣ್ಣೂರಿಗೋ ಬಂದವಳ ಹೆಸರು ಎಷ್ಟೋ ಸಲ ಎರಡೂ ಮನೆಯ ರೇಷನ್ ಕಾರ್ಡಿನಲ್ಲಿ ಇರುವುದಿಲ್ಲ. ಮದುವೆಯಾದ ಮೇಲೆ ತಂದೆಯ ಕಾರ್ಡಿನಿಂದ ತೆಗೆಸಿರುತ್ತಾರೆ. ಗಂಡನ ಮನೆಯ ಕಾರ್ಡಿಗೆ ಸೇರಿಸಬೇಕೆಂದರೆ ಇಲಾಖೆ ತಿದ್ದುಪಡಿಗೆ ಅವಕಾಶ ಕೊಡಬೇಕು, ಕೊಟ್ಟ ದಿನ ಸರ್ವರ್ ನಡೆಯಬೇಕು. ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎನ್ನಿಸಿಕೊಂಡು ತಿರುಗುವಷ್ಟರಲ್ಲಿ ತಿಂಗಳು ತುಂಬುತ್ತದೆ.

ಸರ್ಕಾರಿ ಆಸ್ಪತ್ರೆಯ ಒಳಗೆ ಇದರಿಂದ ಹೆಚ್ಚಿನ ತೊಡಕಿಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಯಾರ ಆದಾಯವನ್ನೂ ಕೇಳುವುದಿಲ್ಲ. ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ತಪಾಸಣೆ, ವಾಹನ, ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನದವರೆಗೆ ಊಟ, ಎಲ್ಲವೂ ಎಲ್ಲ ಬಸುರಿಯರಿಗೂ ಉಚಿತ.

ತೊಡಕು ಶುರುವಾಗುವುದು ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳಿಸಿದಾಗ. ರಕ್ತದೊತ್ತಡ ಏರಿದೆ, ಕೈಕಾಲು ಬಾತಿವೆ, ಇಲ್ಲಿ ಆಗುವುದಿಲ್ಲ ಎಂದರೆ ಗದಗಿನ ಜಿಮ್ಸ್‌ಗೋ ಹುಬ್ಬಳ್ಳಿಯ ಕಿಮ್ಸ್‌ಗೋ ಹೊರಡಬೇಕು. ಎರಡೂ 50 ಕಿ.ಮೀ. ಆಸುಪಾಸಿನ ದಾರಿ. ಅಲ್ಲೂ ಹಾಸಿಗೆ ಸಿಗದೆ ಖಾಸಗಿ ಆಸ್ಪತ್ರೆ ಮೆಟ್ಟಿಲು ಹತ್ತಿದೊಡನೆ ಕೌಂಟರಿನಲ್ಲಿ ಕೇಳುವುದು ಕಾರ್ಡನ್ನೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಆ ಕಾರ್ಡು ಇಲ್ಲದವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದ ಶೇ 70ಕ್ಕೆ ತವರಿನವರು ಬಡ್ಡಿ ಸಾಲ ಎತ್ತಬೇಕು, ಇಲ್ಲವೇ ಬಂಗಾರ ಒತ್ತೆ ಇಡಬೇಕು.

ಬಡತನಕ್ಕೆ ರೇಷನ್ ಕಾರ್ಡೊಂದೇ ಸಾಕ್ಷಿಯಲ್ಲ ಎಂಬುದನ್ನು ಸರ್ಕಾರವೇ ಒಪ್ಪಿದೆ. ಮಾತೃ ವಂದನಾ ಯೋಜನೆಯಲ್ಲಿ ಚೊಚ್ಚಲಿಗೆ ಕೊಡುವ 5,000 ರೂಪಾಯಿಗೆ ಉದ್ಯೋಗ ಖಾತ್ರಿ ಜಾಬ್ ಕಾರ್ಡೂ ನಡೆಯುತ್ತದೆ, ಇ–ಶ್ರಮ್ ಕಾರ್ಡೂ ನಡೆಯುತ್ತದೆ. 5,000ಕ್ಕೆ ಇಷ್ಟು ದಾರಿ ಇರುವಾಗ ಜೀವ ಉಳಿಸುವ ಚಿಕಿತ್ಸೆಗೆ ಒಂದೇ ದಾರಿ ಏಕೆ? ಆ ಬಿಪಿಎಲ್ ಕಾರ್ಡಾದರೂ ಗಟ್ಟಿಯೇ? 2024ರ ನವೆಂಬರಿನಲ್ಲಿ ಕಾರ್ಡುಗಳು ರದ್ದಾಗಿ ಜನ ಸಿಟ್ಟಿಗೆದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವರಿಗೆ ಮರಳಿ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು.

ಆರೋಗ್ಯ ಸೇವೆ ಬಲು ದುಬಾರಿಯಾದ ಅಮೆರಿಕದಲ್ಲೂ ಬಸುರಿಯ ವಿಷಯದಲ್ಲಿ ಬೇರೆ ವಿವೇಕ ಇದೆ. ಬಡವರ ವಿಮೆಯಾದ ಮೆಡಿಕೇಡ್‌ಗೆ 1986ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಗರ್ಭಿಣಿ ಹೇಳಿದ ಆದಾಯವನ್ನು ಸದ್ಯಕ್ಕೆ ನಂಬಿ ತಾತ್ಕಾಲಿಕ ರಕ್ಷಣೆ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಕಾಗದಪತ್ರದ ಪರಿಶೀಲನೆ ಆಮೇಲೆ. ಅಲ್ಲಿನ ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕರ ಖರ್ಚು ಮೆಡಿಕೇಡ್‌ನದೇ.

ನಮ್ಮಲ್ಲಿ ಇದಕ್ಕೆ ಹೊಸ ಕಾಗದವೇನೂ ಬೇಡ. ಆಶಾ ಕಾರ್ಯಕರ್ತೆ ಮನೆಗೇ ಬಂದು ಹೆಸರು ಬರೆದುಕೊಳ್ಳುತ್ತಾಳೆ, ಉಪಕೇಂದ್ರದಲ್ಲಿ ತಾಯಿ ಕಾರ್ಡು ಕೊಡುತ್ತಾರೆ. ಆ ಕಾರ್ಡು ಇದ್ದವಳನ್ನು ಹೆರಿಗೆಯಾಗಿ 42 ದಿನ ಕಳೆಯುವವರೆಗೆ ಬಿಪಿಎಲ್ ಎಂದೇ ಪರಿಗಣಿಸುವ ಆದೇಶವನ್ನು ರಾಜ್ಯ ಸರ್ಕಾರ ಹೊರಡಿಸಬೇಕು. ಉಳ್ಳವರು ಕೆಲವರು ಇದರ ಲಾಭ ಪಡೆದರೂ ಪಡೆಯಲಿ. ಒಬ್ಬ ಬಾಣಂತಿಯ ಜೀವಕ್ಕಿಂತ ಅದು ದೊಡ್ಡ ನಷ್ಟವಲ್ಲ.

ಆದೇಶ ಬರುವವರೆಗೆ ಮನೆಯವರಲ್ಲಿ ಒಂದು ಕೋರಿಕೆ. ಮುಟ್ಟು ನಿಂತ ತಿಂಗಳೇ ಸೊಸೆಯ ಹೆಸರು ಯಾವ ಕಾರ್ಡಿನಲ್ಲಿದೆ ನೋಡಿ, ಇಲ್ಲದಿದ್ದರೆ ಅಂದೇ ಅರ್ಜಿ ಹಾಕಿ. ಮುಂದಿನ ಆಸ್ಪತ್ರೆಗೆ ಕಳಿಸಿದರೆ ರೆಫರಲ್ ಪತ್ರ ಕೈಗೆ ಬಾರದೆ ಹೊರಡಬೇಡಿ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಅದಕ್ಕೂ ಕಾಯದೆ 108ಕ್ಕೆ ಕರೆ ಮಾಡಿ.