ಸದ್ದಿಗೆ ಸದ್ದೇ ವೈರಿ

ಹೊಸ ಕಾರು ಕೊಂಡವರು ಆರು ತಿಂಗಳು ಕಳೆಯುವುದರೊಳಗಾಗಿ ಅದರ ಸಂಗೀತದ ಏರ್ಪಾಡಿನಲ್ಲಿ ಏನಾದರೊಂದು ಕೊರತೆಯನ್ನು ಕಾಣತೊಡಗುವುದು ಲೋಕರೂಢಿ. ಮೃದಂಗದ ತೊಪ್ಪಿಯಲ್ಲಿ ಗುಂಗಿಲ್ಲ, ತಂಬೂರಿಯ ಮಂದ್ರ ಕಿವಿಗೆ ಬೀಳುವುದೇ ಇಲ್ಲ ಎಂಬ ದೂರು ಮೊದಲಾಗುತ್ತದೆ. ಬೆಂಗಳೂರಿನವರಾದರೆ ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳತ್ತ ಗಾಡಿ ತಿರುಗುತ್ತದೆ. ಅಮೆರಿಕದಲ್ಲಿ ನೆಲಸಿದವರಾದರೆ ಅಲ್ಲಿನ ಅಂಥದೇ ಅಂಗಡಿಯತ್ತ. ಬಾಗಿಲುಗಳಿಗೆ ಹೊಸ ಸ್ಪೀಕರುಗಳು, ಸೀಟಿನ ಕೆಳಗೊಂದು ಬಲವಾದ ಆಂಪ್ಲಿಫೈಯರ್, ಡಿಕ್ಕಿಯಲ್ಲಿ ಮಂದ್ರಸ್ವರಗಳಿಗೆಂದೇ ಒಂದು ಸಬ್‌ವೂಫರ್. ಕೈಯಿಂದ ಸಾಕಷ್ಟು ಹಣವೂ ಇಳಿಯುತ್ತದೆ. ಅಷ್ಟಾದ ಮೇಲೆ, ಹಾಡನ್ನು ಪೂರಾ ನಿಲ್ಲಿಸಿದ್ದರೂ ಗಾಡಿಯ ಒಳಗೆಲ್ಲ ಗುಂಯ್ ಎಂದು ಹೂಂಕರಿಸುವ ಒಂದು ಸದ್ದು ಎದ್ದಿತೆಂದರೆ ಯಾರನ್ನು ದೂರಬೇಕು?

ಈ ಹೂಂಕಾರದ ಮೂಲವನ್ನು ಅರಿಯಬೇಕಾದರೆ, ಇಂದಿನ ಹಲವು ಕಾರುಗಳಲ್ಲಿ ಒಡೆಯನಿಗೆ ತಿಳಿಯದಂತೆಯೇ ದುಡಿಯುತ್ತಿರುವ ಒಬ್ಬ ಸೇವಕನ ಪರಿಚಯ ಮಾಡಿಕೊಳ್ಳಬೇಕು. ಅವನ ಕೆಲಸ ಸದ್ದನ್ನು ಸದ್ದಿನಿಂದಲೇ ಅಡಗಿಸುವುದು.

ಸದ್ದೆಂದರೆ ಗಾಳಿಯ ಒತ್ತಡದ ಏರಿಳಿತವಷ್ಟೆ. ಏರುವಲ್ಲಿ ಇಳಿಸುವ, ಇಳಿಯುವಲ್ಲಿ ಏರಿಸುವ ಮತ್ತೊಂದು ಸದ್ದನ್ನು ಅದರೊಡನೆ ಕೂಡಿಸಿದರೆ ಎರಡೂ ಕರಗಿ ಮೌನ ಉಳಿಯುತ್ತದೆ. ಪೌಲ್ ಲ್ಯೂಗ್ ಎಂಬ ಜರ್ಮನ್ ವಿಜ್ಞಾನಿ ಈ ಉಪಾಯಕ್ಕೆ 1936ರಷ್ಟು ಹಿಂದೆಯೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಆದರೆ ಉಪಾಯ ಹೊಳೆದರೆ ಸಾಲದು; ಕ್ಷಣಕ್ಷಣಕ್ಕೆ ಬದಲಾಗುವ ಸದ್ದನ್ನು ಅಳೆದು ಆ ಕ್ಷಣದಲ್ಲೇ ಉತ್ತರ ಕೊಡಬಲ್ಲ ಗಣಕ ಬೇಕು. ಅದು ಅಗ್ಗವಾಗಿ ದೊರೆಯುವವರೆಗೆ ಕಾರುಗಳು ಕಾಯಬೇಕಾಯಿತು. ಜಪಾನಿನ ನಿಸಾನ್ ಬ್ಲೂಬರ್ಡ್ 1990ರ ದಶಕದ ಆರಂಭದಲ್ಲಿ ಇದನ್ನು ತಂದಿತು. 2003ರಲ್ಲಿ ಅದೇ ದೇಶದ ಹೋಂಡಾ ಇನ್‌ಸ್ಪೈರ್ ಬಂದಾಗ ಇದಕ್ಕೊಂದು ಹೊಸ ಅಗತ್ಯವೂ ಒದಗಿತು. ಆ ಗಾಡಿಯ ಆರು ಸಿಲಿಂಡರುಗಳಲ್ಲಿ ಮೂರು, ಹೆದ್ದಾರಿಯಲ್ಲಿ ಹಗುರವಾಗಿ ಓಡುವಾಗ ವಿಶ್ರಾಂತಿ ಪಡೆಯುತ್ತವೆ. ಪೆಟ್ರೋಲು ಉಳಿಯುತ್ತದೆ, ನಿಜ. ಆದರೆ ಮೂರೇ ಸಿಲಿಂಡರುಗಳ ಒರಟು ಮೊರೆತ ಒಳಗೆ ಕುಳಿತವರಿಗೆ ಹಿತವಲ್ಲ. ಅದನ್ನು ಅಳಿಸುವ ಹೊಣೆ ಸ್ಪೀಕರುಗಳ ಪಾಲಿಗೆ ಬಂದಿತು. ಆದ್ದರಿಂದ ಇದು ಶ್ರೀಮಂತರ ಷೋಕಿಯೆಂದು ತಿಳಿಯಲಾಗದು; ಪೆಟ್ರೋಲಿನ ಉಳಿತಾಯಕ್ಕೆ ತೆತ್ತ ಬೆಲೆಯೊಂದನ್ನು ಮರೆಮಾಚುವ ಉಪಾಯ ಇದು.

ಇಂಥ ಗಾಡಿಯ ಚಾವಣಿಯ ಬಟ್ಟೆಯ ಮರೆಯಲ್ಲಿ ಪುಟ್ಟ ಮೈಕ್ರೊಫೋನುಗಳಿರುತ್ತವೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂಬ ವರ್ತಮಾನವೂ ನಿಯಂತ್ರಕಕ್ಕೆ ತಲುಪುತ್ತಿರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗಿದರೆ ಸೆಕೆಂಡಿಗೆ 30 ಸುತ್ತಾಯಿತು. ಸುತ್ತಿಗೆ ಎರಡು ಸಿಡಿತದಂತೆ 60 ಸಿಡಿತ. ಅಳಿಸಬೇಕಾದ ಸ್ವರ ಯಾವುದೆಂದು ಇಷ್ಟರಿಂದಲೇ ಗೊತ್ತಾಗಿಬಿಡುತ್ತದೆ. ಅದಕ್ಕೆದುರಾದ ಸ್ವರವನ್ನು ಹಾಡು ಕೇಳುವ ಅವೇ ಸ್ಪೀಕರುಗಳಿಂದ ಹೊರಡಿಸಿ, ಉಳಿದ ಮೊರೆತವೆಷ್ಟೆಂದು ಮೈಕ್ರೊಫೋನಿನಿಂದ ಆಲಿಸಿ, ತಿದ್ದಿ, ಮತ್ತೆ ಹೊರಡಿಸುವುದು: ಇದೇ ಅದರ ನಿತ್ಯಕರ್ಮ. ಸೆಕೆಂಡಿಗೆ 60 ಕಂಪನವುಳ್ಳ ಅಲೆಯ ಉದ್ದ ಐದು ಮೀಟರಿಗೂ ಮಿಗಿಲು. ಇಡೀ ಕಾರೇ ಅದರೊಳಗೆ ಅಡಗಿಬಿಡುತ್ತದೆ. ಸಾವಿರ ಕಂಪನದ ಸ್ವರದ ಅಲೆಯಾದರೋ ಒಂದು ಅಡಿಗೆ ತುಸು ಹೆಚ್ಚು. ತಲೆಯನ್ನು ಗೇಣು ಸರಿಸಿದರೆ ಲೆಕ್ಕವೆಲ್ಲ ತಪ್ಪಿತು. ಹೀಗಾಗಿ ಈ ಸೇವಕನ ಅಧಿಕಾರ ಮಂದ್ರಸ್ವರಗಳಿಗಷ್ಟೇ ಸೀಮಿತ. ಹಿಂದಿನಿಂದ ಬರುವ ಆಂಬ್ಯುಲೆನ್ಸಿನ ಕೂಗನ್ನು ಇದು ಅಳಿಸೀತೆಂದು ಹೆದರುವವರು ನಿಶ್ಚಿಂತರಾಗಿರಬಹುದು.

ಇನ್ನು ಗಂಟಿರುವ ಸ್ಥಳಕ್ಕೆ ಬರೋಣ. ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ನೆನೆಯಿರಿ. ಅದು ನಮ್ಮತ್ತ ಬರುವ ಗಳಿಗೆಯಲ್ಲಿ ಕೈಯೊಡ್ಡಿ ತಳ್ಳಿದರೆ ಉಯ್ಯಾಲೆ ನಿಲ್ಲುತ್ತದೆ. ಹಿಂದಿರುಗಿ ಹೊರಟ ಗಳಿಗೆಯಲ್ಲಿ ಅದೇ ಕೈ ತಳ್ಳಿದರೆ ಇನ್ನಷ್ಟು ಎತ್ತರಕ್ಕೆ ಏರುತ್ತದೆ. ಬಲ ಒಂದೇ, ದಿಕ್ಕೂ ಒಂದೇ. ಹೊತ್ತು ಮಾತ್ರ ಬೇರೆ. ನಿಯಂತ್ರಕದಿಂದ ಹೊರಟ ಪ್ರತಿಸ್ವರ ಆಂಪ್ಲಿಫೈಯರನ್ನೂ ಸ್ಪೀಕರನ್ನೂ ಹಾದು ಮೈಕ್ರೊಫೋನನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ, ದಾರಿಯಲ್ಲಿ ಎಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಎಂಬುದನ್ನು ತಯಾರಕರು ಮೊದಲೇ ಅಳೆದು ಅದರ ನೆನಪಿನಲ್ಲಿ ಬರೆದಿಟ್ಟಿರುತ್ತಾರೆ. ಆ ಬರೆಹ ಗಾಡಿಯ ಮೂಲ ಸ್ಪೀಕರು, ಮೂಲ ಆಂಪ್ಲಿಫೈಯರುಗಳಿಗೆ ಮಾತ್ರ ಹೊಂದುವಂಥದು. ಅಂಗಡಿಯವನು ಅವೆರಡನ್ನೂ ಬದಲಿಸಿದ. ಬರೆಹವನ್ನು ಬದಲಿಸಿದವರು ಯಾರೂ ಇಲ್ಲ!

60 ಕಂಪನದ ಸ್ವರದಲ್ಲಿ ಒಂದು ಕಂಪನಕ್ಕೆ ಸೆಕೆಂಡಿನ ಸಾವಿರದ ಹದಿನೇಳು ಭಾಗ ಹಿಡಿಯುತ್ತದೆ. ಅದರ ಕಾಲು ಭಾಗ, ಎಂದರೆ ಸಾವಿರದ ನಾಲ್ಕು ಭಾಗಕ್ಕಿಂತ ತುಸು ಹೆಚ್ಚು ತಡವಾದರೂ ಸಾಕು, ನಿಯಂತ್ರಕ ತಿದ್ದಿದಷ್ಟೂ ಮೊರೆತ ಬೆಳೆಯುತ್ತದೆ. ಸ್ವರಗಳನ್ನು ಸಂಸ್ಕರಿಸುವ ಹೊಸ ಡಿಜಿಟಲ್ ಪೆಟ್ಟಿಗೆಗಳಲ್ಲಿ ಇಷ್ಟು ವಿಳಂಬ ಅಪರೂಪವೇನಲ್ಲ. ಸಬ್‌ವೂಫರಿನ ಎರಡು ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರಂತೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆಯೇ. ಮೊರೆತ ಬೆಳೆದುದನ್ನು ಕೇಳಿ ನಿಯಂತ್ರಕ ಇನ್ನೂ ಜೋರಾಗಿ ಕೂಗುತ್ತದೆ. ಅದನ್ನು ಹೊಸ ಆಂಪ್ಲಿಫೈಯರ್ ಹಲವು ಪಟ್ಟು ಮಾಡಿ ಡಿಕ್ಕಿಯಿಂದ ಗುಡುಗಿಸುತ್ತದೆ. ಹಾಡಿಲ್ಲದಾಗಲೂ ಹೂಂಕಾರ ನಿಲ್ಲದಿರುವುದು ಇದರಿಂದಲೇ.

ಹಾಡಿದ್ದಾಗಿನ ಪೀಡೆ ಬೇರೊಂದು ಬಗೆಯದು. ಸಬ್‌ವೂಫರಿನ ಮಂದ್ರಸ್ವರ ಎಂಜಿನಿನ ಸ್ವರದ ಬಳಿಯಲ್ಲೇ ಬಿದ್ದರೆ, ಮೇಲಿನ ಮೈಕ್ರೊಫೋನು ಅದನ್ನೂ ಮೊರೆತವೆಂದೇ ಬಗೆದು ಅಳಿಸಹೊರಡುತ್ತದೆ. ಸಾವಿರಾರು ರೂಪಾಯಿ ತೆತ್ತು ತಂದ ಗಾಂಭೀರ್ಯವನ್ನು ಚಾವಣಿಯಲ್ಲಿ ಕುಳಿತವನು ಸದ್ದಿಲ್ಲದೆ ನುಂಗುತ್ತಾನೆ.

ಈ ವಿಷಯವನ್ನು ಎತ್ತಿಕೊಳ್ಳಲು ಒಬ್ಬ ವಾಚಕರ ಕಾಗದವೇ ಕಾರಣ. ಅವರು ಅಂಗಡಿಗೆ ಮೂರು ಸಲ ಅಲೆದಿದ್ದಾರೆ. ಮೊದಲ ಸಲ ಸಬ್‌ವೂಫರ್ ಬದಲಾಯಿತು, ಎರಡನೆಯ ಸಲ ಆಂಪ್ಲಿಫೈಯರ್. ಮೂರನೆಯ ಸಲ “ನಮ್ಮ ಸಾಮಾನಿನಲ್ಲಿ ದೋಷವಿಲ್ಲ ಸ್ವಾಮಿ, ನಿಮ್ಮ ಎಂಜಿನನ್ನೇ ತೋರಿಸಿ” ಎಂಬ ಉತ್ತರ ದೊರೆಯಿತು. ಎಂಜಿನ್ ಬಿಚ್ಚಿಸಬೇಕೆ ಎಂದು ಕೇಳಿದ್ದಾರೆ. ದಯವಿಟ್ಟು ಬಿಚ್ಚಿಸಬೇಡಿ! ಎಂಜಿನ್ ಓಡುತ್ತಿರುವಾಗ ಹೊಸ ಆಂಪ್ಲಿಫೈಯರಿನ ಫ್ಯೂಸನ್ನು ತೆಗೆದು ನೋಡಿ. ಹೂಂಕಾರ ಥಟ್ಟನೆ ನಿಂತರೆ ಎಂಜಿನ್ ನಿರಪರಾಧಿ. ಆಮೇಲೆ ಫ್ಯೂಸನ್ನು ಮರಳಿ ಹಾಕಿಸಿ, ಬಲ್ಲವರ ಕೈಯಿಂದ ಚಾವಣಿಯ ಮೈಕ್ರೊಫೋನುಗಳ ಕೊಂಡಿಯನ್ನು ಕಳಚಿಸಿ. ಆಗಲೂ ಗಾಡಿ ಶಾಂತವಾಗಿದ್ದರೆ ಕಳ್ಳ ಸಿಕ್ಕಿದನೆಂದು ತಿಳಿಯಿರಿ. ಹತ್ತಿರದಲ್ಲೇ ದೂರವಾಣಿಗೆಂದು ಇನ್ನೊಂದು ಮೈಕ್ರೊಫೋನು ಇರುವುದುಂಟು, ಅದನ್ನು ಮುಟ್ಟದಿರಲಿ.

ಹಾಗಾದರೆ ಕೊಂಡಿಯನ್ನು ಶಾಶ್ವತವಾಗಿ ಕಳಚಿಟ್ಟರಾಯಿತಲ್ಲವೆ? ಅನೇಕರು ಮಾಡುವುದು ಅದನ್ನೇ. ನಾಲ್ಕು ಸಿಲಿಂಡರಿನ ಸಾಧಾರಣ ಗಾಡಿಯಲ್ಲಿ ಅದರಿಂದ ಆಗುವ ನಷ್ಟ ಹೆಚ್ಚಿಲ್ಲ; ಕೆಲವರಿಗೆ ವ್ಯತ್ಯಾಸವೇ ತಿಳಿಯದು. ಆದರೆ ಸಿಲಿಂಡರುಗಳಿಗೆ ವಿಶ್ರಾಂತಿ ಕೊಡುವ ಗಾಡಿಯಲ್ಲಿ ಹಳೆಯ ಮೊರೆತ ಹೆದ್ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಮುನ್ನೂರು ಮೈಲಿ ಓಡಿಸುವವರ ತಲೆಗೆ ಅದು ಸಣ್ಣ ಶಿಕ್ಷೆಯಲ್ಲ. ಕೆಲವು ತಯಾರಕರ ಗಾಡಿಗಳಲ್ಲಿ ಈ ನಿಯಂತ್ರಕವು ಮೂಲ ಆಂಪ್ಲಿಫೈಯರಿನ ಹೊಟ್ಟೆಯೊಳಗೇ ಇರುತ್ತದೆ. ಸೀಟಿನ ಬೆಲ್ಟು ಹಾಕಿಲ್ಲವೆಂದು ಎಚ್ಚರಿಸುವ ಗಂಟೆ, ಹಿಂದೆ ಸರಿಯುವಾಗ ಗೋಡೆ ಹತ್ತಿರವಾಯಿತೆಂದು ಕೂಗುವ ದನಿ ಸಹ ಅಲ್ಲಿಂದಲೇ ಹೊರಡಬಹುದು. ಅದನ್ನು ಬುಡಸಹಿತ ಕಿತ್ತರೆ ಇವೂ ಮೂಕವಾಗುತ್ತವೆ. ಮನೆಯಲ್ಲಿ ಓಡಾಡುವ ಮಕ್ಕಳಿರುವವರು ಗಾಡಿ ಹಿಂದೆಗೆಯುವ ಆ ದನಿಯನ್ನು ಹಾಡಿಗಾಗಿ ಬಿಟ್ಟುಕೊಡಬಾರದೆಂಬುದು ನನ್ನ ಖಂಡಿತವಾದ ಅಭಿಪ್ರಾಯ.

ಹಣ ಕೊಡುವ ಮುನ್ನ ಅಂಗಡಿಯವರನ್ನು ಎರಡು ಮಾತು ಕೇಳಿ: ಈ ಗಾಡಿಯಲ್ಲಿ ಮೊರೆತ ಅಡಗಿಸುವ ಏರ್ಪಾಡು ಇದೆಯೆ? ಇದ್ದರೆ ಹಾಡಿನ ತಂತಿಯನ್ನು ಅದಕ್ಕಿಂತ ಮೊದಲು ಎಳೆಯುತ್ತೀರೋ ನಂತರವೋ? ಪ್ರಶ್ನೆ ಕೇಳಿದೊಡನೆ ನಿಮ್ಮ ಮುಖವನ್ನು ಬಿಟ್ಟು ಗಾಡಿಯ ಚಾವಣಿಯತ್ತ ನೋಡುವವನು ಕೆಲಸ ಬಲ್ಲವನು. ಸ್ಪೀಕರಿನ ವಾಟ್ ಲೆಕ್ಕವನ್ನೇ ಮತ್ತೆ ಒಪ್ಪಿಸತೊಡಗಿದರೆ ಪಕ್ಕದ ಅಂಗಡಿಯನ್ನೂ ಒಮ್ಮೆ ವಿಚಾರಿಸಬಹುದು.